ಕಾಲೇಜು ಬಿಡಿಸಿದರೆ ಶಿಕ್ಷೆ ಆಗಿದ್ದು ಯಾರಿಗೆ?

ಇವತ್ತಿನ ಮಾತು ಗೋಕಾಕ ತಾಲೂಕಿನ ಅಂಕಲಗಿಯಿಂದ ಶುರು ಮಾಡ್ತೀನಿ. ಅಡವಿಸಿದ್ಧೇಶ್ವರ ಮಠದ ಊರು. ಮಗ್ಗುಲಲ್ಲೇ ಅಕ್ಕತಂಗೇರಹಾಳ. ಇಲ್ಲಿನ ಹೆಣ್ಣುಮಗಳು ಎಂಎ ಓದ್ತೀನಿ, ಇಂಜಿನಿಯರಿಂಗ್ ಓದ್ತೀನಿ ಅಂದ್ರೆ ಊರು ದಾಟಬೇಕು, ಬಸ್ ಹತ್ತಬೇಕು. 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಟಿಕೆಟ್ ದುಡ್ಡಿನ ಚಿಂತೆ ಹೋಯ್ತು. ಆದರೆ ಅಪ್ಪ-ಅವ್ವನ ಎದೆಯಲ್ಲಿರೋ ಭಯ ಹೋಯ್ತಾ?

ಆ ಭಯಕ್ಕೆ ಕಾರಣ ಇದೆ. 2024ರ ಏಪ್ರಿಲ್ 18, ಹುಬ್ಬಳ್ಳಿಯ ಬಿವಿಬಿ ಕಾಲೇಜು ಆವರಣದಲ್ಲೇ ಎಂಸಿಎ ವಿದ್ಯಾರ್ಥಿನಿಯೊಬ್ಬಳನ್ನ ಚಾಕುವಿನಿಂದ ಇರಿದು ಕೊಂದರು. ಆರೋಪಿ ಆಕೆಯ ಹಳೇ ಸಹಪಾಠಿ. ತಿಂಗಳು ತುಂಬಿರಲಿಲ್ಲ, ಮೇ 15ಕ್ಕೆ ಅದೇ ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಯುವತಿಯನ್ನ ಮನೆಗೇ ನುಗ್ಗಿ ಕೊಂದರು. ಬೆದರಿಕೆ ಇದೆ ಅಂತ ಮೊದಲೇ ಹೇಳಿದ್ವಿ, ಪೊಲೀಸರು ಕಿವಿಗೆ ಹಾಕ್ಕೊಳ್ಳಲಿಲ್ಲ ಅಂತ ಕುಟುಂಬದವರು ಅತ್ತರು. ಠಾಣೆಯ ಇನ್‌ಸ್ಪೆಕ್ಟರ್ ಅಮಾನತಾದರು. ಅಮಾನತಿನಿಂದ ಮಗಳು ವಾಪಸ್ ಬರ್ತಾಳಾ?

ಆ ದಿನಗಳಲ್ಲಿ ಚರ್ಚೆ ಎಲ್ಲಾ ಜಾತಿ, ಧರ್ಮದ ಸುತ್ತ ಗಿರಕಿ ಹೊಡೀತು. ನಾನು ಕೇಳೋ ಪ್ರಶ್ನೆ ಸರಳ. 'ಒಬ್ಬ ಬೆನ್ನು ಬಿದ್ದಾನ' ಅಂತ ಹುಡುಗಿ ಹೇಳಿದ ಮೊದಲನೇ ದಿನ ಯಾರು ಏನು ಮಾಡಬೇಕು?

ಉತ್ತರ ಕಾನೂನಿನಲ್ಲೇ ಇದೆ. ಯುಜಿಸಿಯ 2015ರ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಅಧ್ಯಕ್ಷತೆ ಹಿರಿಯ ಅಧ್ಯಾಪಕಿಯದ್ದು. ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು. ಹೊರಗಿನವರೊಬ್ಬರು ಇರಬೇಕು. ವಿದ್ಯಾರ್ಥಿಗಳ ಪ್ರಕರಣವಾದರೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಬೇಕು. ಕುಲಪತಿ, ಕುಲಸಚಿವ, ವಿಭಾಗದ ಮುಖ್ಯಸ್ಥರು ಸಮಿತಿಯಲ್ಲಿ ಕೂರುವಂತಿಲ್ಲ. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗುತ್ತೆ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಲ್ಲೀವರೆಗೆ ಆರೋಪಿಯನ್ನ ದೂರ ಇಡೋಕೆ, ಹುಡುಗಿಗೆ ರಜೆ ಕೊಡೋಕೆ ಅವಕಾಶ ಇದೆ.

ಸಮಿತಿ ಇದ್ದರೆ ಸಾಕಾ? ಸಾಲದು. ಪಕ್ಕದ ಗೋವಾ ವಿಶ್ವವಿದ್ಯಾಲಯವನ್ನ ನೋಡಿ. ವಿದ್ಯಾರ್ಥಿನಿಯರು ದೂರು ಕೊಟ್ಟಿದ್ದು 2009ರಲ್ಲಿ. ಸಮಿತಿ ಅವಸರವಸರವಾಗಿ ವಿಚಾರಣೆ ಮುಗಿಸಿತ್ತು. ಆರೋಪಿಗೆ ತನ್ನ ವಾದ ಹೇಳೋಕೆ ಸರಿಯಾದ ಅವಕಾಶ ಕೊಟ್ಟಿಲ್ಲ ಅಂತ 2023ರ ಮೇನಲ್ಲಿ ಸುಪ್ರೀಂ ಕೋರ್ಟ್ ಕ್ರಮವನ್ನೇ ರದ್ದು ಮಾಡಿ, ಮತ್ತೆ ವಿಚಾರಣೆಗೆ ಕಳಿಸ್ತು. ಹದಿನಾಲ್ಕು ವರ್ಷ! ಸಮಿತಿಯವರಿಗೆ ಕೆಲಸ ಗೊತ್ತಿಲ್ಲದಿದ್ದರೆ ಬೆಲೆ ತೆರೋದು ದೂರು ಕೊಟ್ಟ ಮಕ್ಕಳೇ. ತರಬೇತಿ ಕೊಡಿ ಅಂತ ಅದೇ ತೀರ್ಪು ಹೇಳಿದೆ.

ಇನ್ನು ಪೊಲೀಸ್ ಠಾಣೆ. ಬೇಡ ಅಂದ್ರೂ ಹೆಣ್ಣುಮಗಳ ಬೆನ್ನು ಬೀಳೋದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. 'ಹುಡುಗಾಟಿಕೆ, ಬಿಡವ್ವ' ಅಂತ ಸಾಗಹಾಕೋ ಹಾಗಿಲ್ಲ. ನಮ್ಮ ಠಾಣೆ ವ್ಯಾಪ್ತಿ ಅಲ್ಲ ಅಂತ ದೂರು ತಿರಸ್ಕರಿಸೋ ಹಾಗೂ ಇಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಆದರೆ ವೀಕ್ಷಕರೇ, ದೂರು ಸಮಿತಿಗೆ ಹೋಗೋ ಮೊದಲೇ ಸಾಯೋದು ಮನೆಯ ಪಡಸಾಲೆಯಲ್ಲಿ. ಹುಡುಗಿ ಬಾಯಿ ಬಿಟ್ಟರೆ ಅಪ್ಪ ಏನಂತಾನೆ? 'ಸಾಲಿ ಕಲಿತದ್ದು ಸಾಕು, ನಾಳೆಯಿಂದ ಮನ್ಯಾಗಿರು.' ಆಮೇಲೆ ಗಂಡು ಹುಡುಕೋದು. ಕಾಟ ಕೊಟ್ಟವನು ಕ್ಲಾಸಿನಲ್ಲಿ, ಕಾಟ ತಿಂದವಳು ಅಡುಗೆ ಮನೆಯಲ್ಲಿ. ಇದು ಆಕೆಗೆ ಗೊತ್ತು. ಅದಕ್ಕೇ ಹೇಳಲ್ಲ. ಅವನಿಗೆ ಬೇಕಾಗಿರೋದೂ ಅವಳ ಈ ಮೌನವೇ.

ಅಂಕಲಗಿಯ ಅಪ್ಪಂದಿರೇ, ಅವ್ವಂದಿರೇ, ಈ ವರ್ಷ ಅಡ್ಮಿಷನ್ ಮಾಡಿಸುವಾಗ ಫೀ ಎಷ್ಟು, ಹಾಸ್ಟೆಲ್ ಎಲ್ಲಿ ಅಂತ ಕೇಳ್ತೀರಲ್ಲ, ಜೊತೆಗೆ ಇನ್ನೊಂದು ಕೇಳಿ: ದೂರು ಸಮಿತಿಯ ಅಧ್ಯಕ್ಷೆ ಯಾರು, ಅವರ ಫೋನ್ ನಂಬರ್ ಏನು? ಪ್ರಿನ್ಸಿಪಾಲರು ತಡವರಿಸಿದರೆ, ಬರೆದುಕೊಡಿ ಅಂತ ಅಲ್ಲೇ ಕೂತ್ಕೊಳ್ಳಿ. ಆಮೇಲೆ ಮನೆಗೆ ಬಂದು ಮಗಳಿಗೆ ಒಂದೇ ಮಾತು ಹೇಳಿ: 'ಏನಾದರೂ ನನಗ ಹೇಳವ್ವ, ನಿನ್ನ ಸಾಲಿ ಬಿಡಸಂಗಿಲ್ಲ.'