ಮೊದಲು ಮುಳ್ಳು ನೋಡಿ, ಆಮೇಲೆ ಪಾರ್ಟ್ಸ್ ಬದಲಿಸಿ

(ಸಂಘದ ವಾಹನ ಮಾಹಿತಿ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಸನಯ್ಯಾದ ಗ್ಯಾರೇಜಿನಲ್ಲಿ ಕೆಲಸ ಮಾಡೋನು. ನಮ್ಮಲ್ಲಿ ತುಂಬ ಜನ ಹಳೇ ಪಿಕಪ್ ಓಡಿಸ್ತಾರೆ. ತರಕಾರಿ ಸಾಗಿಸೋರು, ಏಸಿ ಕೆಲಸದವರು, ಪ್ಲಂಬಿಂಗ್‌ನವರು. ಗಾಡಿ ನಿಂತರೆ ಅವತ್ತಿನ ದುಡಿಮೆಯೂ ನಿಂತ ಹಾಗೆ. ಅದಕ್ಕೇ ಹೆದರಿ, ಯಾರೋ ಹೇಳಿದ್ರು ಅಂತ ಪ್ಲಗ್ಗು, ಕಾಯಿಲ್ಲು, ಕಡೆಗೆ ಕಾರ್ಬ್ಯುರೇಟರನ್ನೇ ಬದಲಿಸ್ತಾರೆ. ಊರಿಗೆ ಕಳಿಸಬೇಕಾದ ದುಡ್ಡು ಬಿಡಿಭಾಗದ ಅಂಗಡಿಗೆ ಹೋಗುತ್ತೆ. ಗಾಡಿ ಮಾತ್ರ ಹಾಗೇ ನಡುಗುತ್ತಾ ಇರುತ್ತೆ.

ಹಳೇ ಪೆಟ್ರೋಲ್ ಎಂಜಿನ್ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತೆ. ಆ ಎಳೆತವೇ ವ್ಯಾಕ್ಯೂಮ್. ಎಳನೀರಿಗೆ ಹಾಕಿದ ಸ್ಟ್ರಾ ಸೀಳಿದ್ದರೆ ಎಷ್ಟು ಎಳೆದರೂ ಬಾಯಿಗೆ ಗಾಳಿಯೇ ಬರುತ್ತೆ ಅಲ್ವಾ? ಎಂಜಿನ್ನಿಗೂ ಅದೇ ಕಥೆ. ಪೈಪು ಸೀಳಿದರೆ ಬೇಡದ ಗಾಳಿ ಒಳಗೆ ನುಗ್ಗಿ ಪೆಟ್ರೋಲಿನ ಪ್ರಮಾಣ ಕಡಿಮೆಯಾಗುತ್ತೆ. ಸ್ಲೋದಲ್ಲಿ ನಡುಗುತ್ತೆ, ರೇಸ್ ಕೊಟ್ಟರೆ ಸರಿಯಾದಂತೆ ಕಾಣುತ್ತೆ. ಈ ಲಕ್ಷಣ ಇದ್ದರೆ ಮೊದಲು ಪೈಪುಗಳನ್ನೇ ಅನುಮಾನಿಸಿ. ಇಲ್ಲಿಯ ಬೇಸಿಗೆಗೆ, ಎಂಜಿನ್ನಿನ ಬಿಸಿಗೆ ರಬ್ಬರ್ ಗಟ್ಟಿಯಾಗಿ ತುದಿಯಲ್ಲಿ ಬಿರುಕು ಬಿಡುತ್ತೆ. ಮೇಲಿಂದ ನೋಡಿದರೆ ಕಾಣಲ್ಲ, ಬಗ್ಗಿಸಿ ನೋಡಬೇಕು.

ಇದನ್ನು ಅಳೆಯೋಕೆ ವ್ಯಾಕ್ಯೂಮ್ ಗೇಜ್ ಅಂತ ಚಿಕ್ಕ ಸಾಧನ ಇದೆ. ಎಂಜಿನ್ ಬಿಸಿಯಾದ ಮೇಲೆ, ಕಾರ್ಬ್ಯುರೇಟರಿನ ಕೆಳಗೆ ಮ್ಯಾನಿಫೋಲ್ಡಿನಿಂದ ಬರುವ ಪೈಪಿಗೆ ಜೋಡಿಸಿ, ಸ್ಲೋದಲ್ಲಿ ಬಿಡಿ. ಮುಳ್ಳು 17ರಿಂದ 22 ಇಂಚಿನ ನಡುವೆ ಅಲುಗದೆ ನಿಂತರೆ ಸಾಮಾನ್ಯವಾಗಿ ಎಂಜಿನ್ ಆರೋಗ್ಯವಾಗಿದೆ. ಇದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಮೇಲೆ ಹೋದರೆ ಸುಮಾರು ಒಂದು ಇಂಚು ಇಳಿಯುತ್ತೆ. ಇಲ್ಲಿ 19 ತೋರಿಸಿದ ಎಂಜಿನ್ ಬೆಂಗಳೂರಿನಲ್ಲಿ 16 ತೋರಿಸಬಹುದು. ಸೌದಿಯ ಅಭಾ 2,000 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ಇನ್ನೂ ಕಡಿಮೆ. ಅದು ಕಾಯಿಲೆ ಅಲ್ಲ.

ಮುಳ್ಳು ಕೆಳಗೇ ಸುಮ್ಮನೆ ನಿಂತಿದ್ದರೆ ಎಲ್ಲೋ ಗಾಳಿ ಲೀಕ್, ಇಲ್ಲವೇ ಟೈಮಿಂಗ್ ಹಿಂದಿದೆ. ತಾಳ ಹಾಕಿದ ಹಾಗೆ ಒಂದೇ ಸಮನೆ ಕೆಳಗೆ ಜಿಗಿದು ಮೇಲೆ ಬಂದರೆ ಒಂದು ವಾಲ್ವ್ ಸರಿಯಾಗಿ ಕೂರ್ತಿಲ್ಲ, ಅಥವಾ ಒಂದು ಸಿಲಿಂಡರ್ ಮಿಸ್ ಹೊಡೀತಿದೆ. ನಿಧಾನವಾಗಿ ಅತ್ತಿತ್ತ ತೇಲಾಡಿದರೆ ಕಾರ್ಬ್ಯುರೇಟರ್ ಮಿಕ್ಸ್ಚರ್ ನೋಡಿ. ರೇಸ್ ಕೊಟ್ಟು 2,500 ಆರ್‌ಪಿಎಂನಲ್ಲಿ ಹಿಡಿದಾಗ ಮುಳ್ಳು ನಿಧಾನವಾಗಿ ಇಳಿಯುತ್ತಾ ಹೋದರೆ ಹೊಗೆ ಹೋಗೋ ದಾರಿಯೇ ಕಟ್ಟಿದೆ. ಸೈಲೆನ್ಸರ್ ಅಥವಾ ಕ್ಯಾಟಲಿಟಿಕ್ ಕನ್ವರ್ಟರ್ ತಪಾಸಣೆ ಮಾಡಿಸಿ.

ಲೀಕ್ ಹುಡುಕೋದು ಹೇಗೆ? ಪೈಪುಗಳನ್ನು ಒಂದೊಂದಾಗಿ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಮುಳ್ಳು ಮೇಲೇರುತ್ತೋ ದೋಷ ಆ ದಾರಿಯಲ್ಲಿದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಂಚಿಗೆ ಸ್ವಲ್ಪ ಸೋಪಿನ ನೀರು ಸಿಂಪಡಿಸಿ, ವೈರುಗಳ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಲೀಕ್ ಇದ್ದರೆ ನೀರನ್ನು ಎಳೆದುಕೊಂಡು ಎಂಜಿನ್ ಸದ್ದು ಬದಲಾಗುತ್ತೆ. ಪೆಟ್ರೋಲ್, ಕಾರ್ಬ್ ಕ್ಲೀನರ್ ಮಾತ್ರ ಬಿಸಿ ಎಂಜಿನ್ ಮೇಲೆ ಹೊಡೀಬೇಡಿ, ಬೆಂಕಿ ಹತ್ತುತ್ತೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಆ ಹೊಗೆ ಜೀವ ತೆಗೆಯುತ್ತೆ. ತೋಳು, ಲುಂಗಿ, ಐಡಿ ಕಾರ್ಡಿನ ದಾರ ಯಾವುದೂ ಫ್ಯಾನಿನ ಹತ್ತಿರ ಬೇಡ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಈ ಎಳೆತವನ್ನೇ ಬಳಸಿ ಬ್ರೇಕ್ ಬೂಸ್ಟರ್ ನಿಮ್ಮ ಕಾಲಿಗೆ ಬಲ ಕೊಡುತ್ತೆ. ಹಿಂದೆ ಲೋಡು, ಎದುರಿಗೆ ಸಿಗ್ನಲ್, ಆಗ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾದರೆ? ಹಾಗಾಗಿ ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ಅರ್ಧ ನಿಮಿಷದ ಪರೀಕ್ಷೆ ಮಾಡಿ. ಎಂಜಿನ್ ಆಫ್ ಇದ್ದಾಗ ಬ್ರೇಕ್ ನಾಲ್ಕೈದು ಸಲ ತುಳಿಯಿರಿ, ಪೆಡಲ್ ಗಟ್ಟಿಯಾಗುತ್ತೆ. ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ವ್ಯಾಕ್ಯೂಮ್ ಬರ್ತಿಲ್ಲ, ಇಲ್ಲವೇ ಬೂಸ್ಟರೇ ಹೋಗಿದೆ. ಬ್ರೇಕ್ ಒತ್ತಿ ಹಿಡಿದಾಗ ಬುಸ್ ಅನ್ನೋ ಸದ್ದು ನಿಲ್ಲದೆ ಬಂದು ಎಂಜಿನ್ ನಡುಗಿದರೆ ಬೂಸ್ಟರ್ ಒಳಗಿನ ಡಯಾಫ್ರಮ್ ಹರಿದಿರಬಹುದು.

ಡೀಸೆಲ್ ಗಾಡಿಯವರು ಗಮನಿಸಿ. ಪೆಟ್ರೋಲ್ ಎಂಜಿನ್ನಿನಂಥ ಎಳೆತ ಡೀಸೆಲ್ಲಿನ ಮ್ಯಾನಿಫೋಲ್ಡಿನಲ್ಲಿ ಸಿಗಲ್ಲ, ಅದಕ್ಕೆ ಬೇರೆ ಪಂಪ್ ಇರುತ್ತೆ. ಹಲವು ಹಳೇ ಜಪಾನಿ ಡೀಸೆಲ್ ಪಿಕಪ್ಪುಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಇದೆ. ಬೆಲ್ಟ್ ಹರಿದರೆ ಬ್ಯಾಟರಿ ಚಾರ್ಜ್ ಒಂದೇ ಅಲ್ಲ, ಬ್ರೇಕಿನ ಬಲವೂ ಹೋಗುತ್ತೆ. ಚಾರ್ಜ್ ಲೈಟ್ ಹತ್ತಿದರೆ "ಮನೆ ತಲುಪಿ ನೋಡೋಣ" ಅನ್ನಬೇಡಿ, ಗಾಡಿ ಬದಿಗೆ ಹಾಕಿ.

ಕಂಪನಿ ಗಾಡಿ ಓಡಿಸೋ ತಮ್ಮಂದಿರಿಗೆ ಒಂದು ಮಾತು. ಬ್ರೇಕ್ ಗಟ್ಟಿ ಅನ್ನಿಸಿದರೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಫೋರ್‌ಮನ್‌ಗೆ ತಾರೀಕು, ಗಾಡಿ ನಂಬರ್ ಹಾಕಿ ಮೆಸೇಜ್ ಕಳಿಸಿ, ಸರಿಯಾಗೋವರೆಗೂ ಗಾಡಿ ತೆಗೀಬೇಡಿ. ಅಪಘಾತ ಆದಾಗ ಮೊದಲು ಪ್ರಶ್ನೆ ಕೇಳೋದು ಸ್ಟೇರಿಂಗ್ ಹಿಡಿದವನನ್ನೇ.

ಒಂದಡಿ ರಬ್ಬರ್ ಪೈಪಿಗೆ ಒಂದು ಊಟದ ದುಡ್ಡೂ ಆಗಲ್ಲ. ಗೇಜ್ ಎಲ್ಲರೂ ಕೊಳ್ಳಬೇಕಾಗಿಲ್ಲ, ಒಂದು ರೂಮಿನವರು ಸೇರಿ ಒಂದು ಇಟ್ಟುಕೊಂಡರೆ ಸಾಕು. ಮೆಕ್ಯಾನಿಕ್ ಹತ್ತಿರ ಹೋದಾಗಲೂ "ಏನು ಬದಲಿಸಬೇಕು" ಅಂತ ಕೇಳೋ ಮುಂಚೆ "ಅಳತೆ ಎಷ್ಟು ಬಂತು" ಅಂತ ಕೇಳಿ. ಕೆಲಸ ಗೊತ್ತಿರೋನು ಬೇಜಾರು ಮಾಡ್ಕೊಳ್ಳಲ್ಲ, ಕರೆದು ಮುಳ್ಳು ತೋರಿಸ್ತಾನೆ.

ಗೇಜ್ ತಂದಿದ್ದೀನಿ. ಚಹಾ ಕುಡಿದು ಕೆಳಗೆ ಪಾರ್ಕಿಂಗಿಗೆ ಬನ್ನಿ, ನಿಮ್ಮ ಗಾಡಿಗೇ ಹಾಕಿ ನೋಡೋಣ.