ನಮ್ಮ ನೀರು, ನಮ್ಮ ಬಿಸಿಲು, ನಮ್ಮ ಹಾವು



ರೋಣ, ನರಗುಂದ, ಗಜೇಂದ್ರಗಡ ಮೂರು ತಾಲ್ಲೂಕುಗಳ ಈ ವಿಜ್ಞಾನ ಸಮ್ಮೇಳನದ ಸಂಘಟಕರು ನನ್ನ ಮುಂದೆ ಎರಡು ವಿಷಯ ಇಟ್ಟು, ಒಂದನ್ನು ಆರಿಸಿಕೊಳ್ಳಿರಿ ಎಂದರು. ವೈದ್ಯಕೀಯದಲ್ಲಿ ಈಚೆಗೆ ನಡೆದ ಸಂಶೋಧನೆ ಒಂದು, ಬ್ಯಾಟರಿ ಇನ್ನೊಂದು. ನಾನು ಎರಡನ್ನೂ ಇಟ್ಟುಕೊಂಡೆ. ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಇವೆರಡರ ನಡುವೆ ಅಂಥ ದೊಡ್ಡ ಗೋಡೆಯೇನೂ ಕಾಣುವುದಿಲ್ಲ. ಮೂಲದಲ್ಲಿ ಇರಲೂ ಇಲ್ಲ. ಇಟಲಿಯ ವೈದ್ಯ ಗಾಲ್ವಾನಿ, ಸತ್ತ ಕಪ್ಪೆಯ ಕಾಲಿಗೆ ಎರಡು ಬಗೆಯ ಲೋಹ ತಾಗಿಸಿದಾಗ ಅದು ಅದುರಿದ್ದನ್ನು ಕಂಡು, ವಿದ್ಯುತ್ತು ಪ್ರಾಣಿಯ ಒಳಗೇ ಇದೆ ಎಂದು 1791ರಲ್ಲಿ ಬರೆದ. ವೋಲ್ಟಾ ಒಪ್ಪಲಿಲ್ಲ, ವಿದ್ಯುತ್ತು ಕಪ್ಪೆಯಲ್ಲಿಲ್ಲ, ಲೋಹಗಳಲ್ಲಿದೆ ಎಂದು ಹಟ ಹಿಡಿದ. ಆ ಜಗಳದಲ್ಲಿ 1800ರಲ್ಲಿ ಹುಟ್ಟಿದ್ದೇ ಮೊದಲ ಬ್ಯಾಟರಿ. ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜವಿತ್ತು. ನಮ್ಮ ನರಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಒಳಗೆ ಹೊರಗೆ ಓಡಾಡುತ್ತವೆ. ಬ್ಯಾಟರಿಯಲ್ಲಿ ಲಿಥಿಯಂ ಓಡಾಡುತ್ತದೆ.

1972ರ ಸುಮಾರಿಗೆ ಹೃದಯದ ಪೇಸ್‌ಮೇಕರ್‌ಗಳಲ್ಲಿ ಲಿಥಿಯಂ-ಅಯೋಡಿನ್ ಬ್ಯಾಟರಿ ಬಂತು. ಅದರ ಅಯಾನುಗಳು ದ್ರವದಲ್ಲಿ ಸಾಗುವುದಿಲ್ಲ. ಲಿಥಿಯಮ್ಮೂ ಅಯೋಡಿನ್ನೂ ಕೂಡಿದಲ್ಲಿ ತಾನಾಗಿ ಹುಟ್ಟುವ ಲಿಥಿಯಂ ಅಯೋಡೈಡಿನ ಗಟ್ಟಿ ಪದರವೇ ಅವುಗಳ ದಾರಿ. ಘನ ಬ್ಯಾಟರಿಯ ಕಾರು ಇನ್ನೇನು ಬಂದೇಬಿಟ್ಟಿತು ಎಂದು ಪತ್ರಿಕೆಗಳು ಇಂದು ಬರೆಯುತ್ತಿವೆ. ಅಂಥದೊಂದು ಬ್ಯಾಟರಿ ಮನುಷ್ಯರ ಎದೆಯೊಳಗೆ ಅರ್ಧ ಶತಮಾನದಿಂದ ಕೆಲಸ ಮಾಡುತ್ತ ಬಂದಿದೆ. ಆದರೆ ಅದು ಕೊಡುವುದು ತೀರ ಸಣ್ಣ ಪ್ರವಾಹ. ಅದನ್ನು ಮತ್ತೆ ಚಾರ್ಜ್ ಮಾಡುವಂತಿಲ್ಲ. ಮತ್ತೆ ಚಾರ್ಜ್ ಆಗುವ ಘನ ಬ್ಯಾಟರಿ ಮಾಡಹೊರಟರೆ ತೊಡಕು ಶುರು. ಲಿಥಿಯಂ ಸೂಜಿಗಳಂತೆ ಬೆಳೆದು ಗಟ್ಟಿ ಪದರವನ್ನೂ ಸೀಳಿಬಿಡುತ್ತದೆ. ಆ ಸೂಜಿಗಳಿಗೂ ಲಿಥಿಯಂ ಮೇಲ್ಮೈಯಲ್ಲಿ ಮೊದಲು ಮೂಡುವ ಅತಿ ಸಣ್ಣ ಖಾಲಿ ಗುಳಿಗಳಿಗೂ ನೇರ ನಂಟಿದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಗ ಫಣಿ ಏಟುಕೂರಿ ಅವರ ತಂಡ 2022ರಲ್ಲಿ ತೋರಿಸಿತು. ಲಿಥಿಯಮ್ಮಿಗೂ ಗಟ್ಟಿ ಪದರಕ್ಕೂ ನಡುವೆ ಟಂಗ್‌ಸ್ಟನ್‌ನಂಥ ಲೋಹದ ತೀರ ತೆಳುವಾದ ಲೇಪ ಕೊಟ್ಟರೆ ಸೂಜಿ ಬೆಳೆಯುವುದು ತಡವಾಗುತ್ತದೆ ಎಂಬುದೂ ಅದೇ ಕೆಲಸದಲ್ಲಿ ಸಿಕ್ಕ ಫಲ.

ಇಷ್ಟು ಪೀಠಿಕೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ವಿಜ್ಞಾನದ ನಿಯಮ ಎಲ್ಲ ಊರಿಗೂ ಒಂದೇ. ಆದರೆ ನೀರು, ಬಿಸಿಲು, ಹಾವಿನ ವಿಷ ಊರಿಂದ ಊರಿಗೆ ಬೇರೆ. ಆ ವ್ಯತ್ಯಾಸವನ್ನು ಅಳೆಯುವ ಕೆಲಸ ಬೆಂಗಳೂರಿನಲ್ಲಿ ಕುಳಿತು ಆಗುವುದಿಲ್ಲ. ಇಲ್ಲಿಂದಲೇ ಆಗಬೇಕು. ಅದನ್ನು ನಾವು ಮಾಡುತ್ತಿಲ್ಲ.

ನೀರಿನಿಂದ ಆರಂಭಿಸುತ್ತೇನೆ. ಗದಗ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದೆ ಎಂಬುದು ನಿಮಗೆ ಹೊಸ ಸುದ್ದಿಯಲ್ಲ. ಲೀಟರಿಗೆ 1 ಮಿಲಿಗ್ರಾಂ ಇರಲಿ, ಬೇರೆ ನೀರೇ ಇಲ್ಲವೆಂದಾದರೆ 1.5ರ ತನಕ ನಡೆದೀತು ಎನ್ನುತ್ತದೆ ನಮ್ಮ ದೇಶದ ಮಾನಕ. ಗಟ್ಟಿ ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಸುಣ್ಣದಂಶ ಕಡಿಮೆಯಿದ್ದು ಕ್ಷಾರ ಹೆಚ್ಚಿದ್ದರೆ ಇನ್ನಷ್ಟು ಕರಗುತ್ತದೆ. ಬೋರು ಆಳಕ್ಕೆ ಇಳಿದಂತೆ ಇಂಥ ಹಳೆಯ ನೀರು ಕೈಗೆ ಹತ್ತುವ ಸಂಭವವೂ ಹೆಚ್ಚು. ಕುದಿಸಿದರೆ ಹೋದೀತು ಎಂದು ನಂಬಿದ ಮನೆಗಳು ಇನ್ನೂ ಇವೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡಿನ ಪ್ರಮಾಣ ಏರುತ್ತದೆ.

ಅದು ದೇಹದಲ್ಲಿ ಏನು ಮಾಡುತ್ತದೆ? ನಮ್ಮ ಮೂಳೆ, ಹಲ್ಲುಗಳ ಗಟ್ಟಿತನ ಕ್ಯಾಲ್ಸಿಯಂ ಫಾಸ್ಫೇಟಿನ ಹರಳುಗಳಿಂದ ಬಂದದ್ದು. ಆ ಹರಳಿನಲ್ಲಿ ಹೈಡ್ರಾಕ್ಸೈಡ್ ಕುಳಿತಿರುವ ಜಾಗ ಫ್ಲೋರೈಡಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಅಲ್ಪಸ್ವಲ್ಪ ಸೇರಿದರೆ ಹಲ್ಲಿಗೆ ಒಳ್ಳೆಯದೇ. ಅದಕ್ಕೇ ಟೂತ್‌ಪೇಸ್ಟಿನಲ್ಲಿ ಹಾಕುತ್ತಾರೆ. ಹೆಚ್ಚಾದರೆ, ಹಲ್ಲು ಒಳಗೆ ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿಯೇ ಕಂದು ಗೆರೆ ಬೀಳುತ್ತವೆ. ಹತ್ತಾರು ವರ್ಷ ಅದೇ ನೀರು ಕುಡಿದವರ ಸೊಂಟ, ಕುತ್ತಿಗೆ ಬಿಗಿಯುತ್ತವೆ. ಫೋಟೋ ತೆಗೆಯುವಾಗ ಬಾಯಿ ಮುಚ್ಚಿಯೇ ನಗುವ ಹುಡುಗಿಯರನ್ನು ತರಗತಿಯಲ್ಲಿ ಕಂಡಿದ್ದೇನೆ. ಅವರಲ್ಲಿ ಕೆಲವರದು ನಾಚಿಕೆ ಸ್ವಭಾವವಲ್ಲ, ಅವರ ಬೋರಿನ ನೀರು.

ಈಗ ಬ್ಯಾಟರಿಯ ಕಡೆ ಬನ್ನಿ. ಅಲ್ಲಿಯೂ ಫಾಸ್ಫೇಟೇ. 1997ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಮೂವರು ಸೇರಿ ಒಂದು ಪ್ರಬಂಧ ಪ್ರಕಟಿಸಿದರು: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ನಂಜುಂಡಸ್ವಾಮಿ ಎಂದರೆ ನರಗುಂದದವರಿಗೆ ರೈತ ಚಳವಳಿಯ ಹಸಿರು ಶಾಲು ನೆನಪಾಗುವುದು ಸಹಜ. ಇವರು ಬೇರೆ, ಕೆ. ಎಸ್. ನಂಜುಂಡಸ್ವಾಮಿ. ಕಬ್ಬಿಣ ಮತ್ತು ಫಾಸ್ಫೇಟಿನ ಹರಳಿನೊಳಗೆ ಲಿಥಿಯಮ್ಮನ್ನು ಕೂರಿಸಬಹುದು, ಎಬ್ಬಿಸಬಹುದು ಎಂದು ಅವರು ತೋರಿಸಿದರು. ದುಬಾರಿ ಕೋಬಾಲ್ಟ್ ಬೇಕಿಲ್ಲ. ಆಮ್ಲಜನಕವನ್ನು ರಂಜಕ ಬಿಗಿಯಾಗಿ ಹಿಡಿದಿರುವುದರಿಂದ ಬೆಂಕಿಯ ಭಯವೂ ಕಡಿಮೆ. ಆದರೆ ಆ ಹರಳು ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುತ್ತಿರಲಿಲ್ಲ. ಕಣಗಳನ್ನು ಸಣ್ಣಗೆ ಮಾಡಿ ಇಂಗಾಲದ ಲೇಪ ಕೊಟ್ಟ ಮೇಲೆ ಅದು ದಾರಿಗೆ ಬಂತು. ಗುಡ್‌ಇನಫ್ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಬಂದದ್ದು 2019ರಲ್ಲಿ, ಅವರ 97ನೆಯ ವಯಸ್ಸಿಗೆ. ಮೂವತ್ತು ದಾಟಿದರೆ ಹೊಸದು ತಲೆಗೆ ಹತ್ತುವುದಿಲ್ಲ ಎನ್ನುವ ನಮ್ಮ ತರುಣ ಉಪನ್ಯಾಸಕರ ಗಮನಕ್ಕೆ ಇದನ್ನು ತರುತ್ತಿದ್ದೇನೆ.

ಈ ಕಬ್ಬಿಣ-ಫಾಸ್ಫೇಟ್ ಬ್ಯಾಟರಿ ನಮಗೇಕೆ ಮುಖ್ಯ? ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಫ್ಯಾನುಗಳನ್ನು ನೋಡಿ. ಮುಂಗಾರಿನ ಗಾಳಿಗೆ ಅವು ಭರದಿಂದ ತಿರುಗುತ್ತವೆ. ಬೇಕಾದಾಗ ಬೇಕಾದಷ್ಟು ತಿರುಗುವುದಿಲ್ಲ. ಪಾವಗಡದ ಸೌರ ಫಲಕಗಳು ಹೊತ್ತು ಮುಳುಗಿದೊಡನೆ ಸುಮ್ಮನಾಗುತ್ತವೆ. ಊರಿಗೆಲ್ಲ ದೀಪ ಬೇಕಾಗುವುದು ಆಗಲೇ. ಅದಕ್ಕಾಗಿ ವಿದ್ಯುತ್ತನ್ನು ಕೂಡಿಡುವ ದೊಡ್ಡ ಬ್ಯಾಟರಿ ಘಟಕಗಳು ದೇಶದಲ್ಲಿ ಏಳುತ್ತಿವೆ. ಅವುಗಳಲ್ಲಿ ಹೆಚ್ಚಾಗಿ ಬಳಸುವುದು ಇದೇ ಜಾತಿಯದನ್ನು. ನಾಳೆ ನಮ್ಮ ಸಬ್‌ಸ್ಟೇಷನ್ ಪಕ್ಕಕ್ಕೂ ಅಂಥದೊಂದು ಬಂದರೆ ಅಚ್ಚರಿಯಿಲ್ಲ.

ಲಿಥಿಯಂ ಎಲ್ಲಿಂದ ತರುವುದು? ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ 14,100 ಟನ್ ಸಿಕ್ಕಿತೆಂದು 2020ರಲ್ಲಿ ಸುದ್ದಿಯಾಯಿತು. ಮರುವರ್ಷ ಸರ್ಕಾರ ಹೇಳಿದ ಅಂದಾಜು 1,600 ಟನ್. ಮೊದಲ ಸುದ್ದಿಯ ಪತ್ರಿಕೆ ತುಂಡು ಇನ್ನೂ ಎಷ್ಟೋ ಶಾಲೆಗಳ ಗೋಡೆಯ ಮೇಲಿದೆ. ಎರಡನೆಯದನ್ನು ಯಾರೂ ಕತ್ತರಿಸಿ ಅಂಟಿಸಲಿಲ್ಲ.

ಲಿಥಿಯಂ ಬದಲು ಸೋಡಿಯಂ ಬಳಸುವ ದಾರಿಯಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೇಮಕುಮಾರ್ ಸೆಂಗುಟ್ಟುವನ್ ಅವರ ತಂಡ ಒಳ್ಳೆಯ ಕೆಲಸ ಮಾಡಿದೆ. ಆರು ನಿಮಿಷದಲ್ಲಿ ಶೇ. 80 ಚಾರ್ಜ್, 3,000ಕ್ಕೂ ಹೆಚ್ಚು ಬಾರಿ ತುಂಬಿ ಬರಿದು ಮಾಡಿದರೂ ಬಾಳಿಕೆ ಎಂದು 2025ರಲ್ಲಿ ಪ್ರಕಟವಾಯಿತು. ಇದೂ ಫಾಸ್ಫೇಟ್ ಹರಳೇ. ಸೋಡಿಯಂ ಅಡುಗೆ ಉಪ್ಪಿನಲ್ಲೇ ಇದೆ, ಆದ್ದರಿಂದ ಬ್ಯಾಟರಿ ಅಗ್ಗವಾದಂತೆಯೇ ಎಂದು ಕೂಡಲೇ ಹಿಗ್ಗುವವರಿದ್ದಾರೆ. ಆ ಹರಳಿನಲ್ಲಿ ನಿಯೋಬಿಯಂ ಕೂಡ ಇದೆ. ಜಗತ್ತಿನ ನಿಯೋಬಿಯಂನ ಬಹುಪಾಲು ಬ್ರೆಜಿಲ್‌ನದು. ಸಂಶೋಧನೆಯನ್ನು ಮೆಚ್ಚೋಣ, ಲೆಕ್ಕವನ್ನೂ ಕೇಳೋಣ.

ನನ್ನ ಇನ್ನೊಂದು ಪ್ರಶ್ನೆ ಬಿಸಿಲಿನದು. ಪ್ರಯೋಗಾಲಯದಲ್ಲಿ ಬ್ಯಾಟರಿಯ ಆಯುಷ್ಯ ಅಳೆಯುವುದು ಸಾಮಾನ್ಯವಾಗಿ 25 ಡಿಗ್ರಿಯ ಆಸುಪಾಸಿನಲ್ಲಿ. ನಮ್ಮಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ನಿಲ್ಲಿಸಿದ ಗಾಡಿಯ ಬ್ಯಾಟರಿ 25 ಡಿಗ್ರಿಯಲ್ಲಿ ಇರುತ್ತದೆಯೇ? ಲಿಥಿಯಂ ಬ್ಯಾಟರಿಯ ದ್ರವದಲ್ಲಿರುವ ಲವಣದ ಹೆಸರು ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್. ಹೌದು, ಮತ್ತೆ ಫ್ಲೋರಿನ್. ಒಂದಿಷ್ಟು ತೇವ ಒಳಸೇರಿದರೂ ಅದು ಒಡೆದು ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. ಬಿಸಿ ಏರಿದಂತೆ ಈ ಕ್ರಿಯೆ ಚುರುಕಾಗುತ್ತದೆ, ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಹಾಳಾದ ಬ್ಯಾಟರಿಯನ್ನು ಗುಜರಿಯವರು ಸುತ್ತಿಗೆಯಿಂದ ಒಡೆದು ತಾಮ್ರ ಆರಿಸಿಕೊಂಡು ಉಳಿದದ್ದನ್ನು ಹಳ್ಳದ ದಂಡೆಗೆ ಸುರಿದರೆ, ಮೊದಲೇ ಫ್ಲೋರೈಡಿನಿಂದ ಬಳಲುವ ನೆಲಕ್ಕೆ ನಾವೇ ಇನ್ನಷ್ಟು ಬಡಿಸಿದಂತೆ. ಹಳೆಯ ಬ್ಯಾಟರಿ ಮರಳಿ ಪಡೆಯುವ ಹೊಣೆ ತಯಾರಕರದೇ ಎಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹೇಳುತ್ತವೆ. ಅಂಗಡಿಯವರಿಗೆ ಇದನ್ನು ನೆನಪಿಸಬೇಕಾದವರು ಕೊಳ್ಳುವ ನಾವು.

ಬಿಸಿಲಿನ ಚಿಂತೆ ಲಸಿಕೆಗೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವನ್ ವರದರಾಜನ್ ಮತ್ತು ಅಲ್ಲಿಯೇ ಬೆಳೆದ ಮಿನ್‌ವ್ಯಾಕ್ಸ್ ಕಂಪನಿ ಕೋವಿಡ್ ಕಾಲದಲ್ಲಿ ರೂಪಿಸಿದ ಲಸಿಕೆಯ ಪುಡಿ 37 ಡಿಗ್ರಿಯಲ್ಲಿ ತಿಂಗಳು, 100 ಡಿಗ್ರಿಯಲ್ಲಿ 90 ನಿಮಿಷ ಕೆಡದೆ ಉಳಿಯಿತು. ಕರೆಂಟ್ ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯಲು ಹೆದರುವ ನಮ್ಮ ಆರೋಗ್ಯ ಕೇಂದ್ರಗಳ ಅಕ್ಕಂದಿರಿಗೆ ಅಂಥ ಸಂಶೋಧನೆಯ ಬೆಲೆ ನಾನು ಹೇಳಬೇಕಿಲ್ಲ.

ಇನ್ನು ಹಾವು. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಹೆಚ್ಚಿನವರು ಹಳ್ಳಿಯವರು. ಕಣಕಿ ಬಣವಿಗೆ ಕೈ ಹಾಕಿದವರು, ರಾತ್ರಿ ಕರೆಂಟ್ ಬಂದಾಗ ಪಂಪು ಹಚ್ಚಲು ಎರಿ ಹೊಲಕ್ಕೆ ಬರಿಗಾಲಲ್ಲಿ ಹೋದವರು. ನಮ್ಮ ದೇಶದ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಿಂದ ತಯಾರಿಸುತ್ತಾರೆ. ಆ ವಿಷದ ಬಹುಪಾಲು ಬರುವುದು ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುಣಗಾರ್ ಅವರ ತಂಡ ಬೇರೆ ಬೇರೆ ರಾಜ್ಯಗಳ ಹಾವುಗಳ ವಿಷ ತಂದು ಹೋಲಿಸಿ ನೋಡಿತು. ಒಂದೇ ಜಾತಿಯ ಹಾವಾದರೂ ಸೀಮೆ ಬದಲಾದರೆ ವಿಷದ ಘಟಕಗಳು ಬದಲಾಗುತ್ತವೆ. ಒಂದೆಡೆಯ ವಿಷದಿಂದ ಮಾಡಿದ ಔಷಧ ಇನ್ನೊಂದೆಡೆ ಅಷ್ಟು ಚೆನ್ನಾಗಿ ನಾಟುವುದಿಲ್ಲ. ಇದನ್ನು ಹೇಳಿದಾಗ ನಮ್ಮೂರ ಹಿರಿಯರೊಬ್ಬರು, ‘ಹಾವಿಗೂ ಸೀಮಿ ಅದ ಅನ್ರಿ ಹಂಗಾರ’ ಎಂದರು. ಅದ ರೀ.

ಅದೇ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರ ಜೊತೆಗೂಡಿ 2024ರಲ್ಲಿ ಪ್ರಯೋಗಾಲಯದಲ್ಲೇ ತಯಾರಾದ, ಕುದುರೆಯ ಹಂಗಿಲ್ಲದ ಒಂದು ಪ್ರತಿಕಾಯವನ್ನು ಪ್ರಕಟಿಸಿತು. ನರಗಳ ಮೇಲೆ ಎರಗುವ ಒಂದು ಬಗೆಯ ವಿಷವನ್ನು ಅದು ಇಲಿಗಳಲ್ಲಿ ತಡೆಯಿತು. ಏಷ್ಯಾದ ನಾಗರ, ಕಟ್ಟುಹಾವುಗಳ ಹತ್ತಿರದ ಜಾತಿಗಳಿಂದ ಹಿಡಿದು ಆಫ್ರಿಕಾದ ಕಪ್ಪು ಮಾಂಬಾದವರೆಗೆ ಕೆಲಸ ಮಾಡಿತು. ದೊಡ್ಡ ಹೆಜ್ಜೆ ಹೌದು. ಆದರೆ ರಕ್ತ ಕೆಡಿಸುವ ಮಂಡಲದ ಹಾವುಗಳ ವಿಷ ಬೇರೆ ಬಗೆಯದು. ಈ ಪ್ರತಿಕಾಯ ಅದಕ್ಕಲ್ಲ. ನಮ್ಮ ಹೊಲಗಳಲ್ಲಿ ಯಾವ ಹಾವು ಹೆಚ್ಚು ಕಚ್ಚುತ್ತದೆ, ಎಷ್ಟು ಸೀಸೆ ಔಷಧಕ್ಕೆ ರೋಗಿ ಚೇತರಿಸಿಕೊಳ್ಳುತ್ತಾನೆ ಎಂಬ ದಾಖಲೆ ಇದ್ದರೆ ಸಂಶೋಧಕರು ಮುಂದಿನ ಹೆಜ್ಜೆ ಎತ್ತ ಇಡಬೇಕು ಎಂಬುದು ತಿಳಿಯುತ್ತದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕಚ್ಚಿಸಿಕೊಂಡವನನ್ನು ಮೊದಲು ಗುಡಿಗೋ ನಾಟಿ ಔಷಧದವರ ಬಳಿಗೋ ಒಯ್ದರೆ ಆ ವರದಿಯೂ ಇಲ್ಲ, ಎಷ್ಟೋ ಸಲ ಮನುಷ್ಯನೂ ಇಲ್ಲ.

ಅಳತೆಯ ವಿಷಯ ಈ ನೆಲಕ್ಕೆ ಹೊಸದಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಬೀದಿಗಿಳಿದದ್ದು ಏಕೆ? ಮಲಪ್ರಭೆಯ ಕಾಲುವೆ ನೀರು ಸರಿಯಾಗಿ ಹರಿಯದ ಹೊಲಗಳಿಗೂ ಅಭಿವೃದ್ಧಿ ಕರ ಹಾಕಿದ್ದಕ್ಕೆ. ಕಾಗದದ ಮೇಲಿನ ಅಳತೆ ಒಂದು, ಹೊಲದ ಅಳತೆ ಇನ್ನೊಂದು ಎಂದು ನಮ್ಮ ಹಿರಿಯರು ಗುಂಡಿನೇಟು ತಿಂದು ಹೇಳಿದ್ದಾರೆ.

ಹೀಗಾಗಿ ಅಧ್ಯಕ್ಷನಾಗಿ ಈ ಸಮ್ಮೇಳನದ ಮುಂದೆ ಠರಾವಿನ ಬದಲು ಒಂದು ಕೆಲಸ ಇಡುತ್ತಿದ್ದೇನೆ. ಮೂರೂ ತಾಲ್ಲೂಕುಗಳ ಪ್ರೌಢಶಾಲೆಗಳ ಮಕ್ಕಳು ತಮ್ಮೂರಿನ ಬೋರುಗಳ ನೀರನ್ನು ವರ್ಷಕ್ಕೆ ಎರಡು ಸಲ ಪರೀಕ್ಷಿಸಲಿ: ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ. ಜಿರ್ಕೋನಿಯಂ-ಅಲಿಜರಿನ್ ದ್ರಾವಣದ ಕೆಂಪು ಬಣ್ಣ ಫ್ಲೋರೈಡ್ ಹೆಚ್ಚಿದಂತೆ ಹಳದಿಗೆ ತಿರುಗುತ್ತದೆ. ಒಂಬತ್ತನೆಯ ತರಗತಿಯ ಮಕ್ಕಳ ಕಣ್ಣು ಅದಕ್ಕೆ ಸಾಕು. ಮಿತಿ ಮೀರಿದಂತೆ ಕಂಡದ್ದನ್ನು ಜಿಲ್ಲೆಯ ಪ್ರಯೋಗಾಲಯಕ್ಕೆ ಕಳಿಸಿ ಖಚಿತಪಡಿಸಿಕೊಳ್ಳಲಿ. ನೀರು ತುಂಬಲು ಗಾಜಿನ ಸೀಸೆ ಬೇಡ, ಪ್ಲಾಸ್ಟಿಕ್ ಬಾಟಲಿಯೇ ಇರಲಿ. ಫ್ಲೋರೈಡ್ ಗಾಜಿನೊಡನೆ ವರ್ತಿಸುತ್ತದೆ. ಬಾಟಲಿಯ ಮೇಲೆ ಬೋರಿನ ಆಳ, ಕೊರೆಸಿದ ವರ್ಷ, ತಾರೀಖು ಬರೆಯಲಿ. ಕಾಲೇಜಿನವರು ಇದರ ಜೊತೆಗೆ ಇನ್ನೊಂದು ಮಾಡಬಹುದು. ತಮ್ಮ ಇನ್ವರ್ಟರ್ ಬ್ಯಾಟರಿಯ ಪಕ್ಕದಲ್ಲೊಂದು ಉಷ್ಣಮಾಪಕ ತೂಗುಹಾಕಿ ಮಧ್ಯಾಹ್ನದ ಅಂಕಿಯನ್ನು ಬರೆದಿಡಲಿ.

ಶಿಕ್ಷಕರಲ್ಲಿ ಇದಕ್ಕೆ ಹೆಸರು ಕೊಡುವವರಿದ್ದರೆ ಊಟದ ಬಿಡುವಿನಲ್ಲಿ ವೇದಿಕೆಯ ಎಡಗಡೆಯ ಮೇಜಿಗೆ ಬನ್ನಿ. ಊರು, ಶಾಲೆ, ಬೋರುಗಳ ಸಂಖ್ಯೆ ಬರೆದುಕೊಳ್ಳಲು ಅಲ್ಲಿ ನೋಟ್‌ಬುಕ್ ಇಟ್ಟಿದೆ. ಮೊದಲ ಕಂತಿನ ದ್ರಾವಣದ ಖರ್ಚು ನನ್ನದು.