ಮೂಳೆ ಕೂಡಿದರೆ ಸಾಲದು, ಕೈ ಮಡಚಬೇಕು
(ನವಲಗುಂದದ ಸಭೆಯಲ್ಲಿ ಮಾಡಿದ ಭಾಷಣ)



ದುಡಿಯುವವರ ಬಂಡವಾಳವೆಂದರೆ ಎರಡು ಕೈ, ಎರಡು ಕಾಲು, ಒಂದು ಬೆನ್ನು. ಅರಳೆಯ ಅಂಡಿಗೆ ಹೊರುವ ಹಮಾಲನಿಗಾಗಲಿ, ಜಮಖಾನೆಯ ಮಗ್ಗದ ಮುಂದೆ ಕೂಡುವ ತಾಯಿಗಾಗಲಿ, ಕಲಘಟಗಿಯಲ್ಲಿ ತೊಟ್ಟಿಲು ಮಾಡುವ ಬಡಗಿಗಾಗಲಿ, ಈ ಬಂಡವಾಳ ಕೆಟ್ಟರೆ ಬೇರೆ ಗತಿಯಿಲ್ಲ.

ಮುರಿದ ಮೂಳೆ ಪ್ಲಾಸ್ಟರಿನಲ್ಲಿ ಕೂಡುತ್ತದೆ. ಆದರೆ ವಾರಗಟ್ಟಲೆ ಅಲುಗಾಡದ ಕೀಲು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ದಿನದಿನವೂ ಕಸರತ್ತು ಮಾಡಿಸಿ ಅವನ್ನು ಮರಳಿ ದುಡಿಮೆಗೆ ತರುವ ಚಿಕಿತ್ಸೆಯೇ ಫಿಸಿಯೋಥೆರಪಿ. ಲಕ್ವಾ ಹೊಡೆದವರಿಗೂ ಇದೇ ಆಸರೆ. ಇದು ಶ್ರೀಮಂತರ ಮಾಲೀಸಲ್ಲ.

ಇದರ ಖರ್ಚು ಯಾರು ಕೊಡಬೇಕು? 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯುಂಟು. ಆದರೆ ಆ ಹಣ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ, ಶಸ್ತ್ರಕ್ರಿಯೆಗೆ. ಮನೆಗೆ ಮರಳಿದ ಮೇಲೆ ಪೇಟೆಯ ಖಾಸಗಿ ಚಿಕಿತ್ಸಾಲಯಕ್ಕೆ ನಡೆದು ಹೋದರೆ ಕಾರ್ಡು ನಡೆಯುವುದಿಲ್ಲ. ಆದ್ದರಿಂದ ಓಣಿ ಓಣಿ ಅಲೆಯುವ ಬದಲು ತಾಲೂಕಿನ ಸರಕಾರಿ ದವಾಖಾನೆಯಲ್ಲಿ ಮೊದಲು ಕೇಳಿರಿ. ಅಲ್ಲಿ ಸಿಗದಿದ್ದರೆ ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿರಿ. ಆಸ್ಪತ್ರೆಯಿಂದ ಬಿಡುವ ದಿನವೇ ಯಾವ ಕಸರತ್ತು, ಎಷ್ಟು ದಿನ ಎಂಬುದನ್ನು ಕಾಗದದ ಮೇಲೆ ಪಡೆಯಿರಿ.

ಗಿರಣಿ ಕಾಮಗಾರರ ಹಕ್ಕು ಇದಕ್ಕಿಂತ ದೊಡ್ಡದು. 1948ರ ಕಾಯದೆಯಿಂದ ಹುಟ್ಟಿ 1952ರಲ್ಲಿ ಕಾನಪುರ, ದಿಲ್ಲಿಗಳಲ್ಲಿ ಆರಂಭವಾದ ಇ.ಎಸ್.ಐ. ಯೋಜನೆ ಮಲಗಿದವರಿಗೂ ನಡೆದು ಬಂದವರಿಗೂ ಚಿಕಿತ್ಸೆ ಕೊಡುತ್ತದೆ. 2019ರ ಜುಲೈಯಲ್ಲಿ ಗೊತ್ತಾದ ದರದಂತೆ ನೂರು ರೂಪಾಯಿ ಪಗಾರಕ್ಕೆ ಕಾಮಗಾರನದು 75 ಪೈಸೆ, ಮಾಲೀಕನದು 3 ರೂಪಾಯಿ 25 ಪೈಸೆ. ಇದು ದಾನವಲ್ಲ, ನಮ್ಮ ದುಡಿಮೆಯ ಹಣ. ಕೆಲಸದಲ್ಲಿ ಗಾಯವಾದರೆ, ವೈದ್ಯರ ಪ್ರಮಾಣಪತ್ರ ಇರುವವರೆಗೆ ಪಗಾರದ ನೂರಕ್ಕೆ 90ರಷ್ಟು ಪರಿಹಾರವೂ ಉಂಟು. ಕೈ ನೆಟ್ಟಗೆ ಮಡಚುವ ಮೊದಲೇ ಮುಕ್ಕಾದಮನ ಮಾತಿಗೆ ಕೆಲಸಕ್ಕೆ ಹೋಗಬೇಡಿರಿ. ನಿಮ್ಮ ಹೆಸರಿನಲ್ಲಿ ಹಣ ಕಟ್ಟುತ್ತಿದ್ದಾರೆಯೇ ಎಂದು ಗಾಯವಾಗುವ ಮುನ್ನವೇ ನೋಡಿಕೊಳ್ಳಿರಿ.

ಸಣ್ಣ ವ್ಯಾಪಾರಸ್ಥರು ಹೊರಗುಳಿದಿದ್ದಾರೆ. ಸಾಮಾನ್ಯವಾಗಿ ಹತ್ತು ಜನ ದುಡಿಯದ ಕಡೆ ಇ.ಎಸ್.ಐ. ಇಲ್ಲ. ಎ.ಪಿ.ಎಲ್. ಕಾರ್ಡಿದ್ದರೆ ಆರೋಗ್ಯ ಕರ್ನಾಟಕದಲ್ಲಿ ಸರಕಾರ ಕೊಡುವುದು ನೂರಕ್ಕೆ 30 ಮಾತ್ರ. ತಕ್ಕಡಿ ಹಿಡಿದ ಕೈಯೂ ದುಡಿಯುವ ಕೈಯೇ ಅಲ್ಲವೇ?

ಹುಬ್ಬಳ್ಳಿಗೆ ದಿನಾ ಹೋಗಿರೆಂದು ಹೇಳುವುದು ಸುಲಭ. 2023ರ ಜೂನಿನಿಂದ ಹೆಂಗಸರಿಗೆ ಸರಕಾರಿ ಬಸ್ಸಿನ ಟಿಕೀಟಿಲ್ಲ, ನಿಜ. ಆದರೆ ಹೋದ ದಿನದ ಕೂಲಿಯನ್ನು ಯಾವ ಬಸ್ಸು ಮರಳಿ ತಂದೀತು? ಅದಕ್ಕೇ ನಮ್ಮ ಬೇಡಿಕೆ ಎರಡು: ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಸರಕಾರಿ ಆಸ್ಪತ್ರೆಗಳಲ್ಲಿ ದಿನವೂ ಫಿಸಿಯೋಥೆರಪಿಸ್ಟ್ ಇರಬೇಕು, ನಡೆದು ಬಂದು ಪಡೆಯುವ ಈ ಚಿಕಿತ್ಸೆಯೂ ಕಾರ್ಡಿನಲ್ಲಿ ಸೇರಬೇಕು.

1980ರಲ್ಲಿ ನೀರಾವರಿ ಕರದ ವಿರುದ್ಧ ಇದೇ ನವಲಗುಂದದ ರೈತರು ಒಬ್ಬೊಬ್ಬರಾಗಿ ಅರ್ಜಿ ಹಿಡಿದು ನಿಲ್ಲಲಿಲ್ಲ, ಒಟ್ಟಾಗಿ ಎದ್ದರು. ಗಿರಣಿಯವರೂ ಅಂಗಡಿಯವರೂ ಹಾಗೆಯೇ ಒಂದಾಗಿ ಈ ಬೇಡಿಕೆಗೆ ಸಹಿ ಹಾಕಿರಿ. ಸಹಿ ಹಾಕಲಾಗದ ಕೈಗಳಿಗಾಗಿಯೂ ಹಾಕಿರಿ.